ಬಂಡೆಗಳ ಕಾಂತಕ್ಷೇತ್ರ ಹೆಕ್ಕಲು ನಾನು ಹಿಡಿದ ಮೂರು ದಾರಿ

ಉಪಗ್ರಹದ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಉಪಕರಣ, ಕೊಡುವುದು ಒಟ್ಟು ಮೊತ್ತ ಮಾತ್ರ. ಅದರಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ನಾವೇ ಬಿಡಿಸಬೇಕು. ಭೂಮಿಯ ಒಡಲಲ್ಲಿ ಕರಗಿದ ಕಬ್ಬಿಣದ್ದೇ ಹತ್ತಾರು ಸಾವಿರ ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಏಕಮಾನ). ನನಗೆ ಬೇಕಿದ್ದದ್ದು ಹೊರಪದರದ ಬಂಡೆಗಳ ಪಾಲು. ಉಪಗ್ರಹ ಹಾರುವ ಎತ್ತರದಲ್ಲಿ ಬಹುತೇಕ ಕಡೆ ಅದು ಹತ್ತಿಪ್ಪತ್ತೂ ಇಲ್ಲ! ಭೂಮಿಯ ಕಾಂತಕ್ಷೇತ್ರ ಅಳೆಯಲೆಂದೇ 2013ರಲ್ಲಿ ಹಾರಿದ ಮೂರು ಸ್ವಾರ್ಮ್ ಉಪಗ್ರಹಗಳ ಡೇಟಾ ಉಚಿತವಾಗಿ ಸಿಗುತ್ತದೆ, ಅದನ್ನೇ ತೆಗೆದುಕೊಂಡೆ. ಮಧ್ಯ ಆಫ್ರಿಕಾದ ಬಾಂಗಿ ಬಳಿ ಬಂಡೆಗಳ ಕಾಂತಕ್ಷೇತ್ರ ಎದ್ದು ಕಾಣುವ ದೊಡ್ಡ ಕಲೆಯಿದೆ, ಅದು ನಕ್ಷೆಯಲ್ಲಿ ಸ್ವಚ್ಛವಾಗಿ ಮೂಡಿದರೆ ಪಾಸ್ ಅಂತ ಇಟ್ಟುಕೊಂಡೆ.

ಮೊದಲನೆಯದು ಆರಿಸುವ ದಾರಿ. ರಾತ್ರಿಯ ಅಳತೆ, ಅದೂ ಕೆಪಿ ಸೂಚ್ಯಂಕ (ಭೂಮಿಯ ಕಾಂತಕ್ಷೇತ್ರ ಎಷ್ಟು ಅಲುಗಾಡುತ್ತಿದೆ ಅನ್ನುವ ಅಂಕ) 2 ದಾಟದ ಶಾಂತ ಹೊತ್ತಿನದು ಮಾತ್ರ. ಅದರಿಂದ ಒಡಲಿನ ಪಾಲನ್ನು ಲೆಕ್ಕಹಾಕಿ ಕೊಡುವ ಮಾದರಿಯನ್ನು ಕಳೆಯುವುದು, ಅಷ್ಟೇ. ಒಂದು ಸಂಜೆಯಲ್ಲಿ ಮುಗಿಯಿತು. ಕಲೆ ಬಂತು, ಜೊತೆಗೆ ಕಕ್ಷೆಯುದ್ದಕ್ಕೂ ಬಂಡೆಗಳದ್ದಲ್ಲದ ಉತ್ತರ–ದಕ್ಷಿಣ ಪಟ್ಟೆಗಳೂ ಬಂದವು. ಡೇಟಾದ ಅರ್ಧಕ್ಕಿಂತ ಜಾಸ್ತಿ ಕಸಕ್ಕೆ ಹೋಯಿತು.

ಎರಡನೆಯದು ಎಲ್ಲ ಮೂಲಗಳನ್ನೂ ಒಟ್ಟಿಗೆ ಬಿಡಿಸುವ ದಾರಿ. ನನ್ನ ತಲೆ ತಿಂದದ್ದು ಇದೇ. ಹಗಲಲ್ಲಿ ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳದ (ವಾತಾವರಣದ ಮೇಲ್ಭಾಗದ ವಿದ್ಯುತ್ ಹರಿಯಬಲ್ಲ ಪದರ) ಕರೆಂಟ್ ಹರಿಯುತ್ತದೆ. ನೆಲದಿಂದ ನೋಡಿದರೆ ಅದು ತಲೆಯ ಮೇಲೆ. ಉಪಗ್ರಹಕ್ಕೆ ಅದು ಕಾಲ ಕೆಳಗೆ, ಬಂಡೆಗಳಂತೆಯೇ! ಅಳತೆ ಮಾಡಿದ ಎತ್ತರಕ್ಕಿಂತ ಒಳಗಿನದು, ಹೊರಗಿನದು ಅಂತ ಮೂಲಗಳನ್ನು ಭಾಗ ಮಾಡುವ, ಗಣಿತಜ್ಞ ಗೌಸ್‌ನ ಉಪಾಯ ಇಲ್ಲಿ ಒಂದೇ ಸಾಲದು. ನೆಲದ ವೀಕ್ಷಣಾಲಯಗಳ ಅಳತೆಯೂ ಬೇಕು. ಆ ಕರೆಂಟ್ ಸೂರ್ಯನ ಹಿಂದೆ ಹೋಗುತ್ತದೆ, ಬಂಡೆ ಇದ್ದಲ್ಲೇ ಇರುತ್ತದೆ ಅನ್ನುವುದು ಇನ್ನೊಂದು ಹಿಡಿತ. ಹಗಲಿನ ಡೇಟಾ ವಾಪಸ್ ಸಿಕ್ಕಿತು ನಿಜ. ಆದರೆ ಯಾವ ಅಳತೆಗೆ ಎಷ್ಟು ತೂಕ ಅನ್ನುವುದು ಸ್ವಲ್ಪ ತಪ್ಪಿದರೂ ಒಂದರ ಪಾಲು ಇನ್ನೊಂದಕ್ಕೆ ಸೋರುತ್ತದೆ. ಲ್ಯಾಪ್‌ಟಾಪಿನ ಮೆಮೊರಿ ಎರಡು ಸಲ ಕೈ ಕೊಟ್ಟಿತು.

ಮೂರನೆಯದು ವ್ಯತ್ಯಾಸದ ದಾರಿ. ಮೂರು ಸ್ವಾರ್ಮ್‌ಗಳಲ್ಲಿ ಆಲ್ಫಾ, ಚಾರ್ಲಿ ಅನ್ನುವ ಎರಡು ಅಕ್ಕಪಕ್ಕ ಹಾರುತ್ತವೆ, ಹೆಚ್ಚಿನ ಕಾಲ ಸುಮಾರು 1.4 ಡಿಗ್ರಿ ರೇಖಾಂಶದ ಅಂತರದಲ್ಲಿ. ಒಂದರಿಂದ ಒಂದನ್ನು ಕಳೆದರೆ ದೂರದ ಕರೆಂಟುಗಳ ಪಾಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅಳಿಸಿಹೋಗುತ್ತದೆ. ಪೂರ್ವ–ಪಶ್ಚಿಮಕ್ಕೆ ಬದಲಾಗದ ವಿನ್ಯಾಸ ಇದಕ್ಕೆ ಕಾಣುವುದಿಲ್ಲ. ಅದಕ್ಕೆ ಒಂದೇ ಉಪಗ್ರಹದ 15 ಸೆಕೆಂಡ್ ಅಂತರದ ವ್ಯತ್ಯಾಸವನ್ನೂ ಸೇರಿಸಿದೆ. ಪಟ್ಟೆಗಳು ಬಹಳ ಕಡಿಮೆಯಾದವು, ಬಾಂಗಿ ಗರಿಗರಿಯಾಗಿ ನಿಂತಿತು.

ಬಂಡೆಗಳಿಗಾದರೆ ನನ್ನ ಓಟು ಮೂರನೆಯದಕ್ಕೆ. ಹಗಲಿನ ಕರೆಂಟನ್ನೇ ಓದುವವರಿಗೆ ಎರಡನೆಯದು ಬಿಟ್ಟರೆ ಗತಿಯಿಲ್ಲ. ಒಡಲಿನ ಪಾಲಿನಡಿ ಮುಚ್ಚಿಹೋದ ಬಂಡೆಗಳ ಬಲು ಅಗಲದ ವಿನ್ಯಾಸವಂತೂ ಯಾವುದಕ್ಕೂ ಸಿಗಲಿಲ್ಲ. ಧ್ರುವಗಳ ಬಳಿಯೂ ಮೂರೂ ಒದ್ದಾಡಿದವು. ಅಲ್ಲಿ ಉಪಗ್ರಹ ಹಾರುವುದೇ ಕರೆಂಟಿನ ಮಧ್ಯದಲ್ಲಿ, ಅಲ್ವಾ? ಕೊನೆಗೆ ಅಲ್ಲಿ ದಿಕ್ಕಿನ ಅಳತೆ ಬಿಟ್ಟು ಬರೀ ಕ್ಷೇತ್ರದ ಬಲವನ್ನಷ್ಟೇ ತೆಗೆದುಕೊಂಡೆ.