ಮೂರು ಪ್ಲೇನಾರ್ ಹೆಡ್‌ಫೋನ್‌ಗಳು, ಒಂದು ವೀಣೆ, ಒಂದು ಮೃದಂಗ

ಯಾವ ದುಬಾರಿ ಹೆಡ್‌ಫೋನೂ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಒಂದು ರಾಗ-ತಾನ-ಪಲ್ಲವಿ ಮುಗಿಯಲು ಗಂಟೆ ಬೇಕು. ಗಂಟೆಗಟ್ಟಲೆ ತಲೆಯ ಮೇಲೆ ಕೂರಬೇಕಾದ ವಸ್ತುವನ್ನು ಹತ್ತು ನಿಮಿಷದ ಪರಿಚಯದಲ್ಲಿ ಲಕ್ಷ ರೂಪಾಯಿ ಕೊಟ್ಟು ಕೊಳ್ಳಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಮಳೆಗಾಲದಲ್ಲಿ ಹಾಸನದ ನಮ್ಮ ಮನೆಯಲ್ಲಿ ಮೂರು ಪ್ಲೇನಾರ್‌ಗಳು ಮೂರು ವಾರ ಒಟ್ಟಿಗೆ ಇದ್ದವು. ಹೈಫೈಮ್ಯಾನ್ ಆರ್ಯ ನನ್ನದೇ, ಸ್ಟೆಲ್ತ್ ಮ್ಯಾಗ್ನೆಟ್ (ನಾದದ ಅಲೆಗೆ ಅಡ್ಡಿಯಾಗದಂತೆ ರೂಪಿಸಿದ ಆಯಸ್ಕಾಂತ) ಇರುವ ಆವೃತ್ತಿ. ಆಡೀಜ಼್ ಎಲ್‌ಸಿಡಿ-ಎಕ್ಸ್ ಸಕಲೇಶಪುರದ ಗೆಳೆಯನ ತೋಟದ ಮನೆಯಿಂದ ಬಂದದ್ದು. ಮೆಜ಼ೆ ಎಂಪೀರಿಯನ್ ಭಾವನದು; ಊರಿಗೆ ಬಂದವರು ಬಿಟ್ಟು ಹೋಗಿದ್ದರು.

ಪ್ಲೇನಾರ್ ಎಂದರೇನು ಎಂದು ಕೇಳುವವರಿಗೆ ಇಷ್ಟು ಹೇಳಬಹುದು. ಸಾಮಾನ್ಯ ಹೆಡ್‌ಫೋನಿನಲ್ಲಿ ಒಂದು ಸುರುಳಿ ಅದಕ್ಕೆ ಅಂಟಿದ ಪೊರೆಯನ್ನು ತಳ್ಳುತ್ತದೆ. ಪ್ಲೇನಾರ್‌ನಲ್ಲಿ ತೆಳುವಾದ ಹಾಳೆಯ ಉದ್ದಗಲಕ್ಕೂ ಲೋಹದ ಗೆರೆಗಳಿರುತ್ತವೆ, ಅದರ ಎದುರಿಗೆ ಆಯಸ್ಕಾಂತಗಳ ಸಾಲು. ಇಡೀ ಹಾಳೆ ಒಟ್ಟಿಗೆ ಅಲುಗುತ್ತದೆ. ನಾದದ ಸ್ವಚ್ಛತೆ ಬರುವುದು ಅಲ್ಲಿಂದ. ತೂಕ ಬರುವುದೂ ಆ ಆಯಸ್ಕಾಂತಗಳಿಂದಲೇ.

ತೂಕದಿಂದಲೇ ಶುರುಮಾಡುತ್ತೇನೆ. ಎಲ್‌ಸಿಡಿ-ಎಕ್ಸ್ 612 ಗ್ರಾಂ, ಎಂಪೀರಿಯನ್ 430, ಆರ್ಯ 404. ಆರುನೂರು ಗ್ರಾಂ ಎಂದರೆ ಕೈಯಲ್ಲಿ ಏನೂ ಅಲ್ಲ. ನೆತ್ತಿಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕುಳಿತರೆ ನಲವತ್ತನೆಯ ನಿಮಿಷಕ್ಕೆ ಕತ್ತಿನ ಹಿಂಭಾಗ ಬಿಗಿಯಲು ಶುರುವಾಗುತ್ತದೆ. ನಾನು ಕನ್ನಡಕ ಹಾಕುವವನು. ಎಲ್‌ಸಿಡಿಯ ದಪ್ಪ ಪ್ಯಾಡ್ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲಿನ ಎಲುಬಿಗೆ ಒತ್ತುತ್ತದೆ. ಕನ್ನಡಕ ತೆಗೆದು, ಆರಾಮ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕುಳಿತಾಗ ಎರಡು ತೊಂದರೆಯೂ ಹೋದವು. ಹಾಗೆ ಕೂತು ಕೇಳುವವರಿಗೆ ಈ ತೂಕ ಅಡ್ಡಿಯಲ್ಲ. ಮೇಜಿನ ಮುಂದೆ ಬಾಗಿ ಕೆಲಸ ಮಾಡುತ್ತಾ ಕೇಳುವವರಿಗೆ ಖಂಡಿತ ಅಡ್ಡಿ.

ಆರ್ಯದ ಬಟ್ಟಲುಗಳು ಮೊಟ್ಟೆಯಾಕಾರದವು, ಉದ್ದ. ಇಡೀ ಕಿವಿ ಒಳಗೆ ಕೂರುತ್ತದೆ, ಎಲ್ಲಿಯೂ ಏನೂ ತಾಗುವುದಿಲ್ಲ. ಅಗಲವಾದ ಪಟ್ಟಿ ತೂಕವನ್ನು ಹಂಚಿಕೊಳ್ಳುತ್ತದೆ. ಆದರೆ ಚಿಕ್ಕ ತಲೆಯವರು ಹುಷಾರಾಗಿರಬೇಕು: ನನ್ನ ಮಗಳು ಹಾಕಿಕೊಂಡಾಗ ಪಟ್ಟಿಯನ್ನು ಪೂರ್ತಿ ಕುಗ್ಗಿಸಿದರೂ ಬಟ್ಟಲಿನ ಕೆಳತುದಿ ದವಡೆಗೆ ಇಳಿದಿತ್ತು.

ಆರಾಮದಲ್ಲಿ ಎಂಪೀರಿಯನ್‌ಗೆ ಸಾಟಿಯಿಲ್ಲ. ಅದರ ಚರ್ಮದ ಪಟ್ಟಿ ನೆತ್ತಿಯ ಮೇಲೆ ರೆಕ್ಕೆಯ ಹಾಗೆ ಅಗಲಿಸಿಕೊಂಡು ಕೂರುತ್ತದೆ, ಭಾರವೆಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗದು. ಪ್ಯಾಡ್‌ಗಳು ಆಯಸ್ಕಾಂತದ ಹಿಡಿತದಲ್ಲೇ ನಿಲ್ಲುತ್ತವೆ. ಎಳೆದರೆ ಬರುತ್ತವೆ, ಹತ್ತಿರ ತಂದರೆ ಟಕ್ಕೆಂದು ಅಂಟಿಕೊಳ್ಳುತ್ತವೆ. ನಮ್ಮ ಕಡೆ ಇದು ಬಹಳ ದೊಡ್ಡ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಪ್ಯಾಡನ್ನು ಬಿಡುತ್ತದೆಯೇ? ಬಿಚ್ಚಿ ಒರೆಸಿ ಒಣಗಿಸುವ ಹಾಗಿದ್ದರೆ ಒಳ್ಳೆಯದು. ಎಲ್‌ಸಿಡಿಯ ಪ್ಯಾಡ್‌ಗಳನ್ನು ಅಂಟಿನಿಂದ ಕೂರಿಸಿರುತ್ತಾರೆ. ಹಾಗಾಗಿ ಗೆಳೆಯ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುತ್ತಾನೆ. ಮಲೆನಾಡಿನಲ್ಲಿ ಯಾವುದನ್ನು ಕೊಂಡರೂ ಆ ಡಬ್ಬಿ ಜೊತೆಗಿರಲಿ.

ಇನ್ನು ನಾದ. ಇಲ್ಲಿ ನನ್ನ ಕಿವಿಗಿಂತ ಸೋದರತ್ತೆಯ ಕಿವಿಯನ್ನು ಹೆಚ್ಚು ನಂಬಿದೆ. ಅವರು ರುದ್ರಪಟ್ಟಣದವರು. ಅರಕಲಗೂಡು ತಾಲ್ಲೂಕಿನ, ಕಾವೇರಿ ದಂಡೆಯ ಆ ಊರು ಎಷ್ಟು ಸಂಗೀತಗಾರರನ್ನು ಕೊಟ್ಟಿದೆ ಎಂಬುದು ಎಲ್ಲರಿಗೂ ಗೊತ್ತು. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ಮಂದಿರ ಇರುವುದೂ ಅಲ್ಲಿಯೇ. ಅತ್ತೆ ನಲವತ್ತು ವರ್ಷ ವೀಣೆ ನುಡಿಸಿದವರು. ಒಂದೇ ವೀಣಾ ಕಛೇರಿಯ ಧ್ವನಿಮುದ್ರಣವನ್ನು ಮೂರರಲ್ಲಿಯೂ ಕೇಳಿಸಿದೆ.

ಆರ್ಯ ಹಾಕಿಕೊಂಡ ಎರಡನೆಯ ನಿಮಿಷದಲ್ಲಿ ಅವರ ಎಡಗೈ ಮೊಣಕಾಲಿನ ಮೇಲೆ ಸರಿದಾಡತೊಡಗಿತು. "ಮೆಟ್ಟಿನ ಮೇಲೆ ಬೆರಳು ಜಾರಿದ್ದು ಕೇಳಿಸುತ್ತಿದೆಯಲ್ಲೋ" ಎಂದರು. ನಿಜ. ಮೀಟಿದ ಪೆಟ್ಟು, ತಂತಿಯನ್ನು ಪಕ್ಕಕ್ಕೆ ಎಳೆದಾಗ ಸ್ವರ ಏರುವ ದಾರಿ, ಅದು ಕರಗುತ್ತಾ ಹೋಗುವ ಕೊನೆಯ ಎಳೆ, ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ವೇದಿಕೆ ಅಗಲವಾಗಿ ತೆರೆದುಕೊಳ್ಳುತ್ತದೆ, ತಂಬೂರಿ ನಿಜಕ್ಕೂ ಹಿಂದೆ ಕುಳಿತಿರುತ್ತದೆ. ಆದರೆ ಧ್ವನಿಮುದ್ರಣ ಒರಟಾಗಿದ್ದರೆ ಆ ಒರಟನ್ನೂ ಆರ್ಯ ಮುಚ್ಚಿಡುವುದಿಲ್ಲ; ಹಳೆಯ ಪಿಟೀಲು ಕ್ಯಾಸೆಟ್ಟುಗಳ ತಾರಸ್ಥಾಯಿ ಅದರಲ್ಲಿ ಚುಚ್ಚುತ್ತದೆ.

ಎಂಪೀರಿಯನ್‌ನಲ್ಲಿ ಅದೇ ವೀಣೆ ದುಂಡಗಾಯಿತು, ಬೆಚ್ಚಗಾಯಿತು, ಬೆರಳಿನ ಸದ್ದು ಹಿಂದೆ ಸರಿಯಿತು. ಅತ್ತೆ ಅದನ್ನು ತೆಗೆಯದೆ ಕಛೇರಿಯ ಕೊನೆಯವರೆಗೆ ಕೇಳಿದರು. "ಇದು ಸುಖವಾಗಿದೆ, ಆದರೆ ವೀಣೆಗೆ ಹತ್ತಿರ ಅದೇ" ಎಂದು ಆರ್ಯದ ಕಡೆ ಕೈ ತೋರಿಸಿದರು. ಎಲ್‌ಸಿಡಿಯನ್ನು ಕಾಲು ಗಂಟೆಯಲ್ಲೇ ತೆಗೆದು ಕೆಳಗಿಟ್ಟರು. "ತಲೆಯ ಮೇಲೆ ಕೊಡ ಹೊತ್ತ ಹಾಗಿದೆಯಪ್ಪಾ."

ಆದರೆ ಮೃದಂಗಕ್ಕೆ ಬಂದಾಗ ಲೆಕ್ಕವೇ ತಲೆಕೆಳಗಾಯಿತು. ತನಿ ಆವರ್ತನವೊಂದನ್ನು, ಅಂದರೆ ಕಛೇರಿಯ ನಡುವೆ ಮೃದಂಗವೇ ಮುಂದಾಗಿ ನುಡಿಯುವ ಭಾಗವನ್ನು, ಎಲ್‌ಸಿಡಿ-ಎಕ್ಸ್‌ನಲ್ಲಿ ಕೇಳಿ ನಾನು ಎದ್ದು ಕುಳಿತೆ. ಮೃದಂಗದ ಎಡಗಡೆಗೆ ರವೆಯ ಕಣಕ ಮೆತ್ತುತ್ತಾರಲ್ಲ, ಆ ಒದ್ದೆ ಭಾರ ಪೆಟ್ಟಿನಲ್ಲಿ ಕೇಳಿಸಿತು. ಅಂಗೈ ಒತ್ತಿ ಗುಂಕಿ ಎಳೆದಾಗ ನಾದ ಕೆಳಗಿನಿಂದ ಊದಿಕೊಂಡು ಮೇಲೇಳುತ್ತದೆ, ಎಲ್ಲಿಯೂ ಕೆಸರಾಗುವುದಿಲ್ಲ. ಆರ್ಯದಲ್ಲಿ ಅದೇ ಗುಂಕಿಯ ಆಕಾರವಿತ್ತು, ತೂಕವಿರಲಿಲ್ಲ. ಎಂಪೀರಿಯನ್‌ನಲ್ಲಿ ತೂಕವಿತ್ತು, ಅಂಚು ಸ್ವಲ್ಪ ಮೆತ್ತಗಾಗಿತ್ತು. ಗಾಯನಕ್ಕೆ ಮಾತ್ರ ಎಲ್‌ಸಿಡಿ ನನಗೆ ಒಗ್ಗಲಿಲ್ಲ, ಗಾಯಕಿ ಒಂದು ಹೆಜ್ಜೆ ಹಿಂದೆ ನಿಂತು ಹಾಡಿದಂತೆ ಕೇಳಿಸುತ್ತದೆ.

ಒಂದು ಸಂಜೆ ಗಾಳಿ ಮಳೆಗೆ ಕರೆಂಟು ಹೋಯಿತು, ಹೆಡ್‌ಫೋನಿಗೆ ಶಕ್ತಿ ತುಂಬುವ ಮೇಜಿನ ಆಂಪ್ ನಿಂತಿತು. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಡಾಂಗಲ್ ತೆಗೆದೆ. ಎಲ್‌ಸಿಡಿ-ಎಕ್ಸ್ ಅದರಲ್ಲಿಯೂ ತುಂಬುಕಂಠದಿಂದ ನುಡಿಯಿತು. ಒಂದು ಮಿಲಿವಾಟ್‌ಗೆ ಅದು 103 ಡೆಸಿಬಲ್ ಕೊಡುತ್ತದೆ, ಎಂಪೀರಿಯನ್ 100, ಆರ್ಯ 94. ಅಂದರೆ ಎಲ್‌ಸಿಡಿಯಷ್ಟೇ ಜೋರಾಗಿ ಕೇಳಿಸಲು ಆರ್ಯಕ್ಕೆ ಸುಮಾರು ಎಂಟು ಪಟ್ಟು ಶಕ್ತಿ ಬೇಕು. ಡಾಂಗಲ್‌ನಲ್ಲಿ ಅದು ಸೊರಗಿತು. ಆರ್ಯ ಕೊಳ್ಳುವವರು ಆಂಪ್‌ನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಮೂರೂ ಬೆನ್ನು ತೆರೆದ ಹೆಡ್‌ಫೋನ್‌ಗಳು ಎಂಬುದೂ ನೆನಪಿರಲಿ. ಹೊರಗಿನ ಮಳೆ ಒಳಗೆ ಬರುತ್ತದೆ, ಒಳಗಿನ ಹಾಡು ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ.

ಬೆಲೆಯ ಮಾತು. ಬಿಡುಗಡೆಯಾದಾಗ ಅಮೆರಿಕದಲ್ಲಿ ಎಂಪೀರಿಯನ್‌ಗೆ 2,999 ಡಾಲರ್, ಆರ್ಯಕ್ಕೆ 1,599. ಎಲ್‌ಸಿಡಿ-ಎಕ್ಸ್ 2021ರಲ್ಲಿ 1,199ಕ್ಕೆ ಇಳಿಯಿತು. ನಮ್ಮಲ್ಲಿಗೆ ಬರುವಾಗ ಸುಂಕವೂ ಸೇರುತ್ತದೆ. ಎಂಪೀರಿಯನ್‌ನ ಹೆಚ್ಚುವರಿ ಹಣ ಹೋಗುವುದು ಆರಾಮಕ್ಕೆ ಮತ್ತು ಕಟ್ಟಿದ ಕುಶಲತೆಗೆ. ನಾದದಲ್ಲಿ ಅದು ಉಳಿದೆರಡನ್ನು ಅಷ್ಟು ದೂರ ಬಿಟ್ಟು ಹೋಗುವುದಿಲ್ಲ. ಕತ್ತು ನೋವಿರುವ ಹಿರಿಯರಿಗೆ, ಅನುಕೂಲವಿದ್ದರೆ, ನಾನು ಅದನ್ನೇ ಹೇಳುತ್ತೇನೆ. ದಿನಕ್ಕೆ ಎರಡು ಗಂಟೆ ವೀಣೆ, ಗಾಯನ ಕೇಳುವ ನನಗೆ ಆರ್ಯವೇ ಸಾಕು, ಅದನ್ನು ಬದಲಿಸುವುದಿಲ್ಲ.

ಕಳೆದ ಭಾನುವಾರ ಎಲ್‌ಸಿಡಿಯನ್ನು ಸಕಲೇಶಪುರಕ್ಕೆ ಒಯ್ಯುವ ಮೊದಲು, ಕನ್ನಡಕ ತೆಗೆದಿಟ್ಟು, ಕುರ್ಚಿಗೆ ಒರಗಿ, ಆ ತನಿಯನ್ನು ಇನ್ನೊಮ್ಮೆ ಪೂರ್ತಿ ಕೇಳಿದೆ.