ಬೇಸ್‌ಮೆಂಟಿನ ಆರು ಗನ್, ಹನ್ನೊಂದು ಕಾರು: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ಬೆಂಗಳೂರಿನ ಜೆ.ಪಿ. ನಗರದ ಕಡೆ 84 ಮನೆಗಳ ಅಪಾರ್ಟ್‌ಮೆಂಟ್. ಬೇಸ್‌ಮೆಂಟಿನಲ್ಲಿ ವಿದ್ಯುತ್ ವಾಹನಗಳಿಗೆ ಎಲ್ಲರಿಗೂ ಸೇರಿದ ಚಾರ್ಜಿಂಗ್ ವ್ಯವಸ್ಥೆ ಹಾಕಿಸಿ ಎರಡೂವರೆ ವರ್ಷ ದಾಟಿತು. ಕಾರಿಗೆ 7.4 ಕಿಲೋವ್ಯಾಟಿನ ಟೈಪ್-2 ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್) ಆರು, ಸ್ಕೂಟರಿಗೆ 15 ಆಂಪಿಯರ್ ಸಾಕೆಟ್ ಆರು. ಲೆಕ್ಕಕ್ಕೆ ಕಾರ್ಡು, ಜೊತೆಗೊಂದು ಆಪ್. ಈಗ 11 ಕಾರು, ಇಪ್ಪತ್ತರ ಆಸುಪಾಸು ಸ್ಕೂಟರು ಇದನ್ನೇ ನಂಬಿಕೊಂಡಿವೆ. ನನ್ನದು 40.5 ಕಿಲೋವ್ಯಾಟ್-ಅವರ್ ಬ್ಯಾಟರಿಯ ನೆಕ್ಸಾನ್. ಮೊದಲ ವರ್ಷ ಅಸೋಸಿಯೇಷನ್ ಕಮಿಟಿಯಲ್ಲೂ ಇದ್ದೆ. ಹಾಗಾಗಿ ಬಳಸುವವಳು, ದೂರು ಕೇಳುವವಳು ಎರಡೂ ಆಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ನೀವು ಯಾರಿಂದ ಕೊಂಡರೂ ಈ ವಿಷಯಗಳು ಎದುರಾಗುತ್ತವೆ.

ಮೊದಲು ಬಂದ ಕೊಟೇಶನ್‌ನಲ್ಲಿ ಇದ್ದದ್ದು ಮೂರೇ ಗನ್. ಬೆಸ್ಕಾಂನಿಂದ ಪ್ರತ್ಯೇಕ ಮೀಟರಿಗೆ ನಾವು ಪಡೆದ ಲೋಡ್ 30 ಕಿಲೋವ್ಯಾಟ್. ಸ್ಕೂಟರುಗಳಿಗೆ 5 ತೆಗೆದಿಟ್ಟರೆ ಕಾರುಗಳಿಗೆ ಉಳಿಯುವುದು 25. ಅದನ್ನು ಲೈನಿನ ಮೂರು ಫೇಸುಗಳಿಗೆ ಹಂಚಿದರೆ ಒಂದೊಂದಕ್ಕೆ 36 ಆಂಪಿಯರ್. ಒಂದೊಂದು ಫೇಸಿಗೆ ಒಂದೊಂದು ಕಾರು ಪೂರ್ಣ ವೇಗದಲ್ಲಿ ನಿಂತರೆ ಅಲ್ಲಿಗೆ ಮುಗಿಯಿತು. ಆರು ಬೇಕೆಂದು ನಾವು ಹಟ ಹಿಡಿದೆವು. ಆ 36 ಆಂಪಿಯರನ್ನು ಎರಡು ಕಾರು ಹಂಚಿಕೊಂಡರೆ ತಲಾ 18 ಆಂಪಿಯರ್, ಅಂದರೆ 4 ಕಿಲೋವ್ಯಾಟಿಗಿಂತ ತುಸು ಹೆಚ್ಚು. ರಾತ್ರಿ ಒಂಬತ್ತಕ್ಕೆ ಹಾಕಿ ಬೆಳಿಗ್ಗೆ ಆರಕ್ಕೆ ತೆಗೆದರೆ 36 ಯೂನಿಟ್ ಹತ್ತಿರ ಬರುತ್ತದೆ. ಆಫೀಸಿಗೆ ಹೋಗಿ ಬರುವ 45 ಕಿಲೋಮೀಟರಿಗೆ ನನ್ನ ಕಾರಿಗೆ ಬೇಕಾಗುವುದು ಏಳು ಯೂನಿಟ್. ಇಡೀ ರಾತ್ರಿ ಸುಮ್ಮನೆ ನಿಂತಿರುವ ಕಾರಿಗೆ ವೇಗ ಕೊಟ್ಟು ಏನು ಮಾಡುವುದು? ವೇಗ ಕಡಿಮೆಯಾಯಿತು ಎಂಬ ದೂರು ಇಷ್ಟು ದಿನದಲ್ಲಿ ಒಂದೂ ಬಂದಿಲ್ಲ. ಗನ್ ಖಾಲಿ ಇಲ್ಲ ಎಂಬ ದೂರು ಮಾತ್ರ ಬಂದಿದೆ.

ಈ ಹಂಚಿಕೆಯನ್ನು ಮಾಡುವುದು ಮೀಟರ್ ಪಕ್ಕದ ಪುಟ್ಟ ಕಂಟ್ರೋಲರ್. ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಕೇಬಲ್ಲಿನಲ್ಲೇ ಚಾರ್ಜರುಗಳ ಜೊತೆ ಮಾತಾಡುತ್ತದೆ. ಎರಡೂವರೆ ವರ್ಷದಲ್ಲಿ ಒಂದು ಸಲವೂ ಮೇನ್ ಟ್ರಿಪ್ ಆಗಿಲ್ಲ. ದೊಡ್ಡದಾಗಿ ಕೈಕೊಟ್ಟಿದ್ದು ಇಂಟರ್ನೆಟ್ಟನ್ನು ನೆಚ್ಚಿದ ಭಾಗವೇ.

ಮೊದಲ ವರ್ಷದ ಮೇ ತಿಂಗಳು. ಗಾಳಿ ಮಳೆಗೆ ರಾತ್ರಿ ಒಂದೂವರೆಗೆ ಕರೆಂಟ್ ಹೋಗಿ ಇಪ್ಪತ್ತು ನಿಮಿಷಕ್ಕೆ ಬಂತು. ಚಾರ್ಜರುಗಳ ಲೈನನ್ನು ಡೀಸೆಲ್ ಜನರೇಟರಿಗೆ ಕೊಟ್ಟಿಲ್ಲ, ಆದ್ದರಿಂದ ಅಷ್ಟು ಹೊತ್ತು ನಿಂತದ್ದು ಸರಿಯೇ. ಬೆಳಗಿನ ಜಾವ ಐದಕ್ಕೆ ಮೂರನೇ ಮಹಡಿಯ ಅಂಕಲ್ ಫೋನ್ ಮಾಡಿದರು. ತಾಯಿಯನ್ನು ಕರೆದುಕೊಂಡು ಹಾಸನಕ್ಕೆ ಹೊರಟಿದ್ದರು, ಕಾರು 46 ಪರ್ಸೆಂಟಿನಲ್ಲೇ ನಿಂತಿತ್ತು. ಕೆಳಗಿಳಿದು ನೋಡಿದರೆ ಆರೂ ಗನ್‌ಗಳ ಮೇಲೆ ಹಸಿರು ದೀಪ, ಆದರೆ ಒಂದರಲ್ಲೂ ಕರೆಂಟ್ ಹರಿಯುತ್ತಿಲ್ಲ. ಹಿಂದಿನ ಸೀಟಿನಲ್ಲಿ ಅಜ್ಜಿ ಆಗಲೇ ಶಾಲು ಹೊದ್ದು ಕೂತಿದ್ದರು. "ನೀನೇ ಅಲ್ವೇನಮ್ಮ, ಹಾಕಿಟ್ಟು ನಿಶ್ಚಿಂತೆಯಾಗಿ ಮಲಗಿ ಅಂದಿದ್ದು?" ಅಂದರು ಅಂಕಲ್. ಉತ್ತರ ನನ್ನ ಹತ್ತಿರ ಇರಲಿಲ್ಲ.

ಆದದ್ದಿಷ್ಟು: ಕರೆಂಟ್ ಮರಳಿದ ಮೇಲೆ ಚಾರ್ಜರು ಮುಂದುವರಿಸಬಹುದೇ ಎಂದು ಕಂಪನಿಯ ಸರ್ವರನ್ನು ಕೇಳುತ್ತದೆ. ಬೇಸ್‌ಮೆಂಟಿನ ರೂಟರ್ ಇನ್ನೂ ಎದ್ದಿರಲಿಲ್ಲ, ಉತ್ತರ ಬರಲಿಲ್ಲ, ಅಲ್ಲಿಗೆ ಲೆಕ್ಕ ಮುಚ್ಚಿಬಿಟ್ಟಿತು. ಇದನ್ನು ಒಪ್ಪಿಕೊಳ್ಳಲು ಕಂಪನಿಯವರು ಮೂರು ವಾರ ತೆಗೆದುಕೊಂಡರು. ಸರಿಪಡಿಸಲು ಹಿಡಿದದ್ದು ಅರ್ಧ ದಿನ. ಕಾರ್ಡುಗಳ ಪಟ್ಟಿಯನ್ನು ಚಾರ್ಜರಿನೊಳಗೇ ಇಟ್ಟರು, ಕರೆಂಟ್ ಬಂದರೆ ತಾನಾಗಿಯೇ ಮುಂದುವರಿಯುವಂತೆ ಸೆಟ್ಟಿಂಗ್ ಬದಲಿಸಿದರು. ರೂಟರಿಗೆ ನಾವೇ ಒಂದು ಯುಪಿಎಸ್ ತಂದಿಟ್ಟೆವು. ಆಮೇಲೆ ಎಷ್ಟು ಸಲ ಕರೆಂಟ್ ಹೋಗಿದೆಯೋ, ಅಷ್ಟು ಸಲವೂ ತಾನಾಗಿ ಶುರುವಾಗಿದೆ. ನೀವು ಕೊಳ್ಳುವುದಿದ್ದರೆ ಹಣ ಕೊಡುವ ಮುಂಚೆ ರೂಟರ್ ಆಫ್ ಮಾಡಿಸಿ, ಮೇನ್ ಇಳಿಸಿ, ಹತ್ತು ನಿಮಿಷ ಬಿಟ್ಟು ಮೇನ್ ಮಾತ್ರ ಏರಿಸಿ ನೋಡಿ. ಆಪ್ ಎಷ್ಟು ಚೆನ್ನಾಗಿದೆ ಎಂದು ನೋಡುವುದಕ್ಕಿಂತ ಇದು ಮುಖ್ಯ. ನಮ್ಮ ಬೇಸ್‌ಮೆಂಟಿನಲ್ಲಿ ಫೋನಿಗೆ ಸಿಗ್ನಲ್ಲೇ ಇಲ್ಲ, ಆಪ್ ಈಗ ಬಿಲ್ ನೋಡಲು ಮಾತ್ರ.

ಬಿಲ್ಲಿನ ಜಗಳ ಬೇರೆ ಥರ. ಬೆಸ್ಕಾಂನಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗಿಗೆ ಎಲ್‌ಟಿ-6(ಸಿ) ಎಂಬ ಪ್ರತ್ಯೇಕ ದರ ಇದೆ, ನಮ್ಮ ಮೀಟರ್ ಅದರಲ್ಲೇ ಇದೆ. ಅದರ ಮೇಲೆ ಫಿಕ್ಸೆಡ್ ಚಾರ್ಜು, ರಿಪೇರಿ ನಿಧಿ ಸೇರಿಸಿ ಯೂನಿಟ್ಟಿಗೆ ಏಳೂವರೆ ರೂಪಾಯಿ ಹಾಕಿದ್ದೇವೆ. ಕಾರಿನ ಪರದೆ 26 ಯೂನಿಟ್ ತುಂಬಿತು ಅನ್ನುತ್ತದೆ, ಬಿಲ್ 29 ಅನ್ನುತ್ತದೆ. ಮೀಟರ್ ಓಡುತ್ತಿದೆ, ಮೋಸ ಎಂದು ಗ್ರೂಪಿನಲ್ಲಿ ಎರಡು ದಿನ ಗಲಾಟೆ. ಎಸಿ ಕರೆಂಟನ್ನು ಕಾರು ತನ್ನೊಳಗೆ ಡಿಸಿ ಮಾಡಿಕೊಳ್ಳುವಾಗ ಹತ್ತು ಪರ್ಸೆಂಟಿನಷ್ಟು ಬಿಸಿಯಾಗಿ ಹೋಗುವುದು ಸಹಜ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಆದರೆ ಬೆಸ್ಕಾಂ ಮೀಟರಿಗೂ ನಮ್ಮ ಎಲ್ಲ ಪಾಯಿಂಟುಗಳ ಮೊತ್ತಕ್ಕೂ ತಿಂಗಳಿಗೆ 90 ಯೂನಿಟ್ ವ್ಯತ್ಯಾಸ ಬಂದದ್ದು ಮಾತ್ರ ನಿಜವಾದ ಸೋರಿಕೆ. ಕಾರ್ಡ್ ರೀಡರ್ ಕೆಟ್ಟಿದ್ದ ಒಂದು ಸ್ಕೂಟರ್ ಸಾಕೆಟ್ಟಿಗೆ ಕಾರು ತೊಳೆಯುವ ಪ್ರೆಶರ್ ಪಂಪು ಸಿಕ್ಕಿಸುತ್ತಿದ್ದರು.

ತುಂಬಿದ ಮೇಲೂ ಕಾರು ತೆಗೆಯದವರಿಗೆ ಅರ್ಧ ಗಂಟೆ ಬಿಟ್ಟು ನಿಮಿಷಕ್ಕೆ ಒಂದು ರೂಪಾಯಿ ಎಂದು ಮಾಡಿದೆವು. ಅದನ್ನು ರಾತ್ರಿಗೂ ಹಾಕಿದ್ದು ನಮ್ಮ ತಪ್ಪು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಇಳಿದು ಬರುತ್ತಿದ್ದರು ಎಂದು ಸೆಕ್ಯುರಿಟಿಯವರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಈಗ ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ದಂಡವಿಲ್ಲ. ಹಗಲಿನಲ್ಲಿ ಇದೆ, ಇರಬೇಕು ಕೂಡ.

ಸರ್ವಿಸ್ ಬಗ್ಗೆ ಹೇಳುವುದಾದರೆ, ಎರಡು ಗನ್ನಿನ ಲಾಕ್ ಮುರಿದಾಗ ಬಿಡಿಭಾಗ ಬರಲು ಹದಿನೆಂಟು ದಿನ ಹಿಡಿಯಿತು. ಐದಕ್ಕೆ ಮೂರೂವರೆ ಕೊಡುತ್ತೇನೆ, ಕಳೆದುಕೊಂಡ ಅಂಕವೆಲ್ಲ ಸರ್ವಿಸ್ಸಿಗೆ.

ಇನ್ನೂ ಮೂರು ಮನೆಯವರು ಈ ತಿಂಗಳು ಕಾರ್ಡು ಕೇಳಿದ್ದಾರೆ. ಬಿ ಬ್ಲಾಕಿನ ಗೋಡೆಗೆ ಇನ್ನೆರಡು ಗನ್ ಹಾಕಲು ಕೇಬಲ್ ಎಳೆದಿಟ್ಟಿದ್ದೇವೆ. 6 ಆಂಪಿಯರಿಗಿಂತ ಕಡಿಮೆ ಕೊಟ್ಟರೆ ಕಾರು ಚಾರ್ಜ್ ಆಗುವುದನ್ನೇ ನಿಲ್ಲಿಸುತ್ತದೆ. ಒಂದು ಫೇಸಿನಲ್ಲಿ ಮೂರು ಕಾರು ನಿಂತರೂ ತಲಾ 12 ಸಿಗುತ್ತದೆ, ಹಾಗಾಗಿ ಲೋಡ್ ಹೆಚ್ಚಿಸಲು ಬೆಸ್ಕಾಂಗೆ ಅರ್ಜಿ ಹಾಕುತ್ತಿಲ್ಲ.