22,000 ರೂಪಾಯಿಯ ಆ್ಯಪ್, 40 ರೂಪಾಯಿಯ ನೋಟ್‌ಬುಕ್: ಕ್ಯಾಶುವಾಲ್ಟಿ ವೈದ್ಯರ ಓದಿಗೆ ಯಾವುದು ಒದಗುತ್ತದೆ?

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ನಾನು 22,000 ರೂಪಾಯಿ ಕೊಟ್ಟು ವೈದ್ಯಕೀಯ ವಿಡಿಯೊ ಪಾಠಗಳ ಆ್ಯಪ್ ಒಂದಕ್ಕೆ ವರ್ಷದ ಚಂದಾದಾರಳಾದೆ. ಈ ವರ್ಷ ಅದನ್ನು ಮುಂದುವರಿಸಲಿಲ್ಲ. ಆ ಹನ್ನೆರಡು ತಿಂಗಳಲ್ಲಿ ಆ್ಯಪ್‌ನ ಜೊತೆಗೇ ದಪ್ಪ ಪಠ್ಯಪುಸ್ತಕ, ಪಾಡ್‌ಕಾಸ್ಟ್, ವೈದ್ಯರ ಮುಂದುವರಿಕೆ ಶಿಕ್ಷಣದ ಸಿಎಂಇ ಸಭೆಗಳು, ನಮ್ಮ ವಿಭಾಗದಲ್ಲೇ ನಡೆಸಿದ ಅಣಕು ಅಭ್ಯಾಸ ಮತ್ತು ಕೈಯಾರೆ ಬರೆದುಕೊಂಡ ಪ್ರಶ್ನೆ ಕಾರ್ಡುಗಳು, ಇಷ್ಟನ್ನೂ ನಾನು ಬಳಸಿ ನೋಡಿದ್ದೇನೆ. ಗೆದ್ದದ್ದು ಕಾರ್ಡುಗಳು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರೆಯುವುದರಲ್ಲಿ ಆ ಪಕ್ಷಪಾತ ಹೇಗಿದ್ದರೂ ಕಾಣುತ್ತದೆ.

ನನ್ನ ಕೆಲಸದ ರೀತಿಯನ್ನೂ ತಿಳಿಸಬೇಕು. ದಾವಣಗೆರೆ ಸೀಮೆಯ ಮೆಕ್ಕೆಜೋಳದ ಊರುಗಳಿಂದ ರೋಗಿಗಳು ಬರುವ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ನಾನು ತಿಂಗಳಿಗೆ ಎಂಟು ರಾತ್ರಿ ಪಾಳಿ ಮಾಡುತ್ತೇನೆ. ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ಹಾವು ಕಡಿಸಿಕೊಂಡವರು, ಬೈಕಿನಿಂದ ಬಿದ್ದವರು, ಎದೆನೋವೆಂದು ಬಂದವರು ಇಲ್ಲಿಯ ನಿತ್ಯದ ರೋಗಿಗಳು. ಎಮರ್ಜೆನ್ಸಿ ಮೆಡಿಸಿನ್ ಅನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವೆಂದು ನಮ್ಮ ದೇಶದಲ್ಲಿ ಮಾನ್ಯ ಮಾಡಿದ್ದೇ 2009ರಲ್ಲಿ. ಹೀಗಾಗಿ ಜಿಲ್ಲೆ, ತಾಲ್ಲೂಕುಗಳ ಕ್ಯಾಶುವಾಲ್ಟಿಯಲ್ಲಿ ಕೂತಿರುವ ಅನೇಕರು ನನ್ನಂತೆಯೇ ಎಂಬಿಬಿಎಸ್ ಮುಗಿಸಿ, ಉಳಿದದ್ದನ್ನು ಪಾಳಿ ಮಾಡುತ್ತಲೇ ಕಲಿತವರು. ಓದಲು ನಮಗೆ ಸಿಗುವುದು ಊಟದ ಮುಂಚಿನ ಇಪ್ಪತ್ತು ನಿಮಿಷ, ಬಸ್ಸಿನ ಅರ್ಧ ಗಂಟೆ ಮತ್ತು ರಾತ್ರಿ ಪಾಳಿಯ ಮರುದಿನದ ಮಂಪರು.

ಆ್ಯಪ್‌ನ ಪಾಠಗಳು ಚೆನ್ನಾಗಿಯೇ ಇದ್ದವು. ಪಾಠ ಮಾಡುವವರು ವಿಷಯ ಬಲ್ಲವರು, ಚಿತ್ರಗಳು ಸ್ಪಷ್ಟ, ಆಮ್ಲ-ಕ್ಷಾರ ಸಮತೋಲನದ ಪಾಠದಷ್ಟು ಸರಳವಾದ ವಿವರಣೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ತೊಂದರೆಯಿದ್ದದ್ದು ಹಸಿರು ಟಿಕ್ ಗುರುತಿನಲ್ಲಿ.

ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ಸ್ನಾನ ಮಾಡಿ, ಎರಡು ಇಡ್ಲಿ ತಿಂದು, ಮಲಗಿದಲ್ಲೇ ಫೋನನ್ನು ದಿಂಬಿಗೆ ಒರಗಿಸಿಕೊಂಡು ಒಂದೂವರೆ ಪಟ್ಟು ವೇಗದಲ್ಲಿ ಪಾಠ ಹಚ್ಚುವುದು ನನ್ನ ಪದ್ಧತಿಯಾಗಿತ್ತು. ಹತ್ತನೆಯ ನಿಮಿಷಕ್ಕೆ ನಿದ್ದೆ ಬರುತ್ತಿತ್ತು. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ತಾನೇ ಶುರುವಾಗುತ್ತಿತ್ತು, ಮುಗಿದದ್ದಕ್ಕೆಲ್ಲ ಹಸಿರು ಗುರುತು ಬೀಳುತ್ತಿತ್ತು. ಮಧ್ಯಾಹ್ನ ಎದ್ದು ನೋಡಿದರೆ ತಲೆಗೆ ಪೆಟ್ಟು ಬಿದ್ದವರ ಚಿಕಿತ್ಸೆಯಿಂದ ಹಿಡಿದು ಸುಟ್ಟಗಾಯದವರೆಗೆ ನಾಲ್ಕು ಅಧ್ಯಾಯ 'ಪೂರ್ಣಗೊಂಡಿದೆ' ಎಂದಿರುತ್ತಿತ್ತು. ಆರು ತಿಂಗಳಲ್ಲಿ ಆ ಆ್ಯಪ್‌ನ ಲೆಕ್ಕದ ಪ್ರಕಾರ ನಾನು ಪಠ್ಯದ 83 ಶೇಕಡ ಮುಗಿಸಿದ್ದೆ. ಅದರಲ್ಲಿ ಎಷ್ಟು ಭಾಗವನ್ನು ಎಚ್ಚರವಾಗಿದ್ದು ನೋಡಿದ್ದೆ ಎಂಬುದು ನನ್ನ ದಿಂಬಿಗೆ ಮಾತ್ರ ಗೊತ್ತು.

ಇಷ್ಟೇ ಆಗಿದ್ದರೆ ತಪ್ಪು ನನ್ನದೆಂದು ಸುಮ್ಮನಿರುತ್ತಿದ್ದೆ. ಆದರೆ ಆ ಆ್ಯಪ್‌ನಲ್ಲಿ ಪ್ರತಿ ವಿಡಿಯೊವನ್ನು ಅದರ ಅವಧಿಯ ಮೂರು ಪಟ್ಟಿನಷ್ಟು ಹೊತ್ತು ಮಾತ್ರ ನೋಡಬಹುದೆಂಬ ನಿಯಮವಿತ್ತು. ಅಂದರೆ ನಾನು ನಿದ್ದೆ ಮಾಡಿದ ಹೊತ್ತೂ ನನ್ನ ಖಾತೆಗೆ ಖರ್ಚಾಗಿತ್ತು. ವಿಷಪ್ರಾಶನದ ಪಾಠವನ್ನು ನಿಜವಾಗಿ ಕೂತು ನೋಡಬೇಕೆಂದು ಒಂದು ಭಾನುವಾರ ಪೆನ್ನು ಹಾಳೆ ಹಿಡಿದು ಕುಳಿತಾಗ, ನಲವತ್ತೇಳು ನಿಮಿಷದ ಆ ಪಾಠ ನಡುವಿನಲ್ಲೇ ನಿಂತು, ನಿಮ್ಮ ವೀಕ್ಷಣೆಯ ಮಿತಿ ಮುಗಿದಿದೆ ಎಂಬ ಸಂದೇಶ ತೋರಿಸಿತು. ಸಹಾಯವಾಣಿಗೆ ಮೂರು ಬಾರಿ ಬರೆದೆ. ಮೂರನೆಯ ಉತ್ತರದಲ್ಲಿ ಹೆಚ್ಚುವರಿ ಗಂಟೆಗಳನ್ನು ಹಣ ಕೊಟ್ಟು ಕೊಳ್ಳಬಹುದೆಂದು ತಿಳಿಸಿದರು. ಹಣ ಕೊಟ್ಟು ಕೊಂಡ ಪುಸ್ತಕವನ್ನು ಮೂರು ಸಲಕ್ಕಿಂತ ಹೆಚ್ಚು ತೆರೆಯಬೇಡಿ ಎಂದು ಅಂಗಡಿಯವರು ಹೇಳಿದರೆ ಹೇಗಿರುತ್ತದೋ ಹಾಗೆನಿಸಿತು.

ಆ ಪಾಠ ನನಗೆ ಬೇಕಾಗಿದ್ದ ಕಾರಣ ಹಿಂದಿನ ವಾರದ ಒಂದು ರಾತ್ರಿ. ಆರ್ಗ್ಯಾನೋಫಾಸ್ಫೇಟ್ ಎಂಬ ಕೀಟನಾಶಕ ಕುಡಿದ ಯುವಕನೊಬ್ಬನನ್ನು ಮನೆಯವರು ಕರೆತಂದಿದ್ದರು; ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ನಾಡಿ 52. ಇದಕ್ಕೆ ಪ್ರತಿವಿಷವಾದ ಅಟ್ರೋಪಿನ್ ಕೊಡಬೇಕೆಂಬುದು ಹೊಸ ಇಂಟರ್ನ್‌ಗೂ ತಿಳಿದಿರುತ್ತದೆ. ನಾನು 1.8 ಮಿಲಿಗ್ರಾಂ ಎಂದೆ. ಸಿಸ್ಟರ್ ಟ್ರೇ ಹಿಡಿದು ನಿಂತು, "ಮೇಡಂ, ಎಷ್ಟು ಆಂಪ್ಯೂಲ್ ಒಡೀಲಿ?" ಎಂದು ಕೇಳಿದರು. ನಮ್ಮಲ್ಲಿ ಬರುವ ಆಂಪ್ಯೂಲ್, ಅಂದರೆ ಔಷಧಿಯ ಪುಟ್ಟ ಗಾಜಿನ ಸೀಸೆ, 0.6 ಮಿಲಿಗ್ರಾಂನದು. ಭಾಗಾಕಾರ ಏನೂ ಕಷ್ಟದ್ದಲ್ಲ, ಉತ್ತರ ಮೂರು. ಆದರೆ ಐದು ನಿಮಿಷಕ್ಕೊಮ್ಮೆ ಡೋಸನ್ನು ದುಪ್ಪಟ್ಟು ಮಾಡುತ್ತಾ ಹೋಗುವ ಆ ಚಿಕಿತ್ಸೆಯಲ್ಲಿ, ಹುಡುಗನ ತಾಯಿ ಬಾಗಿಲಲ್ಲಿ ಅಳುತ್ತಿರುವಾಗ, ಪ್ರತಿ ಸಲವೂ ಮಿಲಿಗ್ರಾಂ ಹೇಳಿ, ಭಾಗಿಸಿ, ಆಂಪ್ಯೂಲ್ ಎಣಿಸಿ ಹೇಳಲು ನಾನು ತಡವರಿಸಿದೆ. ಸಿಸ್ಟರ್ ನನಗಿಂತ ಮೊದಲೇ ಲೆಕ್ಕ ಹಾಕಿ ಒಡೆಯುತ್ತಾ ಹೋದರು. ಹುಡುಗ ಬದುಕಿಕೊಂಡ. ನನಗೆ ಗೊತ್ತಿದ್ದ ವಿಷಯ ಬೇಕಾದ ರೂಪದಲ್ಲಿ ನನ್ನ ಬಾಯಿಗೆ ಬಂದಿರಲಿಲ್ಲ.

ಮರುದಿನ 40 ರೂಪಾಯಿಗೆ 200 ಪುಟದ ನೋಟ್‌ಬುಕ್ ತಂದು ಮೊದಲ ಪ್ರಶ್ನೆಯನ್ನು ಬರೆದೆ. ಎಡಪುಟದಲ್ಲಿ: 'ಔಷಧಿ ಕುಡಿದಿದ್ದಾನೆ, ಎದೆ ಗೊರಗೊರ, ನಾಡಿ 52. ಎಷ್ಟು ಆಂಪ್ಯೂಲ್?' ಬಲಪುಟದಲ್ಲಿ: '3. ಐದು ನಿಮಿಷ ಕಾದು 6. ಮತ್ತೆ 12. ಮತ್ತೆ 24. ಎದೆ ತಿಳಿಯಾಗುವವರೆಗೆ, ನಾಡಿ 80 ದಾಟುವವರೆಗೆ, ಮೇಲಿನ ಬಿಪಿ 80 ದಾಟುವವರೆಗೆ.' ಬಲಪುಟವನ್ನು ಕೈಯಿಂದ ಮುಚ್ಚಿಕೊಂಡು ಉತ್ತರವನ್ನು ಜೋರಾಗಿ ಹೇಳುವುದು ನಿಯಮ. ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ಗೊತ್ತಿರುವುದೂ ಪೂರ್ತಿ ಗೊತ್ತಿರುವಂತೆ ಅನಿಸುತ್ತದೆ.

ಇದರ ಹಿಂದಿನ ತತ್ತ್ವ ಹೊಸದೇನಲ್ಲ. ಕಲಿತದ್ದು ದಿನಗಳು ಕಳೆದಂತೆ ಹೇಗೆ ಮಾಸುತ್ತದೆ ಎಂಬುದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ್ದ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿ ಮುಚ್ಚಿಟ್ಟು ನೆನಪಿನಿಂದ ಬರೆದವರು ಒಂದು ವಾರದ ನಂತರ ಹೆಚ್ಚನ್ನು ನೆನಪಿಟ್ಟುಕೊಂಡಿದ್ದರು. ಆದರೆ ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದವರು ಮತ್ತೆ ಮತ್ತೆ ಓದಿದವರೇ. ವಿಡಿಯೊ ನೋಡಿ ಮುಗಿಸಿದ ಗಳಿಗೆಯಲ್ಲಿ ಎಲ್ಲವೂ ಅರ್ಥವಾಯಿತು ಎನಿಸುವುದು ಆ ಐದು ನಿಮಿಷದ ಮೋಸವೇ ಇರಬೇಕು.

ಪ್ರಶ್ನೆಗಳು ಅರವತ್ತು ದಾಟಿದ ಮೇಲೆ ನೋಟ್‌ಬುಕ್ಕಿನಲ್ಲಿ ಯಾವುದನ್ನು ಯಾವಾಗ ಮತ್ತೆ ನೋಡಬೇಕೆಂಬ ಲೆಕ್ಕ ತಪ್ಪತೊಡಗಿತು. ಆಗ ಅವುಗಳನ್ನು ಆಂಕಿ ಎಂಬ ಆ್ಯಪ್‌ಗೆ ಸೇರಿಸಿದೆ. ಹೆಸರು ಕೇಳಿದರೆ ನಮ್ಮ 'ಅಂಕಿ'ಯೇನೋ ಎನಿಸುತ್ತದೆ. ಅದು ಜಪಾನಿ ಪದ, ಅರ್ಥ ಕಂಠಪಾಠ. ಆಂಡ್ರಾಯ್ಡ್ ಫೋನಿನಲ್ಲಿ ಇದು ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ಕನ್ನಡದಲ್ಲಿ ಬರೆದರೂ ಗೊಣಗುವುದಿಲ್ಲ. ಸರಿಯಾಗಿ ಹೇಳಿದ ಕಾರ್ಡನ್ನು ದೂರದ ದಿನಕ್ಕೆ ತಳ್ಳುತ್ತದೆ, ತಪ್ಪಿದ್ದನ್ನು ಬೇಗ ತರುತ್ತದೆ. ಐಫೋನ್‌ನವರು ಹಣ ಕೊಟ್ಟು ಕೊಳ್ಳಬೇಕು.

ಆಂಕಿಯಲ್ಲಿ ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳ ಕಟ್ಟುಗಳೂ ಸಿಗುತ್ತವೆ. ಒಂದನ್ನು ಇಳಿಸಿಕೊಂಡು ಹತ್ತು ದಿನ ಹೆಣಗಾಡಿ ಅಳಿಸಿದೆ. ಅವು ಬೇರೆಯವರ ರೋಗಿಗಳ ಪ್ರಶ್ನೆಗಳು. ನನ್ನ ಕಾರ್ಡುಗಳು ಪಾಳಿಯಲ್ಲಿ ನಾನು ತಡವರಿಸಿದ ಜಾಗಗಳಿಂದ ಹುಟ್ಟುತ್ತವೆ. ರೋಗಿಯ ಹೆಸರು, ಊರು, ಚಿತ್ರ ಯಾವುದೂ ಅದರಲ್ಲಿರುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ, ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಇಳಿದಿದೆ, ಮೈಮೇಲೆ ಕಡಿತದ ಗುರುತಿಲ್ಲ ಎಂಬ ಕಾರ್ಡಿಗೆ ಉತ್ತರ ಕಟ್ಟುಹಾವು. ಆ ಕಾರ್ಡನ್ನು ಬರೆದ ನಂತರ ಹೊಟ್ಟೆನೋವೆಂದು ಬಂದ ಪ್ರತಿ ಮಗುವಿನ ರೆಪ್ಪೆಯನ್ನು ನಾನು ನೋಡುತ್ತೇನೆ.

ಆದರೆ ಕಾರ್ಡುಗಳಿಗೂ ಒಂದು ದೊಡ್ಡ ದೋಷವಿದೆ: ತಪ್ಪನ್ನು ಬರೆದುಕೊಂಡರೆ ಆ ತಪ್ಪೇ ಗಟ್ಟಿಯಾಗುತ್ತದೆ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿಯ ಮೊದಲ ಡೋಸ್ ಮಕ್ಕಳಿಗೆ ಕಡಿಮೆ ಎಂದು ನಾನು ಅವಸರದಲ್ಲಿ ಬರೆದುಕೊಂಡು, ಮೂರು ವಾರ ಅದನ್ನೇ ಸರಿಯೆಂದು ಒತ್ತುತ್ತಾ ಬಂದಿದ್ದೆ. ಕಿರಿಯ ಸಹೋದ್ಯೋಗಿಯೊಬ್ಬರು ಬಸ್ಸಿನಲ್ಲಿ ನನ್ನ ಫೋನಿನತ್ತ ಇಣುಕಿ, "ಮೇಡಂ, ಹಾವಿಗೇನು ಮಗು ಅಂತ ಗೊತ್ತಿರುತ್ತದೆಯೇ?" ಎಂದರು. ಹಾವು ಮಗುವಿಗೂ ಅಷ್ಟೇ ವಿಷ ಬಿಡುವುದರಿಂದ ದೊಡ್ಡವರಿಗೂ ಮಕ್ಕಳಿಗೂ ಡೋಸ್ ಒಂದೇ, 10 ವಯಲ್. ಅಂದಿನಿಂದ ಪ್ರತಿ ಕಾರ್ಡನ್ನು ಇನ್ನೊಬ್ಬರಿಗೆ ತೋರಿಸದೆ ಪಟ್ಟಿಗೆ ಸೇರಿಸುವುದಿಲ್ಲ, ಬರೆದ ತಿಂಗಳು ಮತ್ತು ವರ್ಷವನ್ನು ಕೆಳಗೆ ನಮೂದಿಸುತ್ತೇನೆ. ಈ ಪರಿಶೀಲನೆಯ ಕೆಲಸವನ್ನು ಆ್ಯಪ್‌ನವರು ನಮ್ಮ ಪರವಾಗಿ ಮಾಡಿಕೊಟ್ಟಿರುತ್ತಾರೆ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು.

ಎರಡನೆಯ ಸ್ಥಾನ ಅಣಕು ಅಭ್ಯಾಸಕ್ಕೆ. ಶನಿವಾರ ಮಧ್ಯಾಹ್ನ ರೋಗಿಗಳು ಕಡಿಮೆಯಿರುವ ಹೊತ್ತಿನಲ್ಲಿ ಹದಿನೈದು ನಿಮಿಷ, ವಾರ್ಡ್‌ಬಾಯ್ ರೋಗಿಯಾಗಿ ಮಲಗುತ್ತಾನೆ, ಉಳಿದವರು ನಿಜವಾದ ಟ್ರೇ, ನಿಜವಾದ ಕಪಾಟು ಬಳಸಿ ಚಿಕಿತ್ಸೆ ನಡೆಸುತ್ತೇವೆ. ಕೊಳಕುಮಂಡಲ ಕಡಿದವನ ಅಭ್ಯಾಸದ ದಿನ, ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ನಮ್ಮಲ್ಲಿ ಒಂದೂ ಗಾಜಿನ ಕೊಳವೆಯಿಲ್ಲ, ಇರುವುದೆಲ್ಲ ಪ್ಲಾಸ್ಟಿಕ್ಕಿನವು ಎಂಬುದು ಬಯಲಾಯಿತು. ಆ ಪರೀಕ್ಷೆಗೆ ಒಣಗಿದ, ಸ್ವಚ್ಛವಾದ ಗಾಜೇ ಬೇಕು. ಸೋಪಿನಲ್ಲಿ ತೊಳೆದದ್ದೂ ನಡೆಯುವುದಿಲ್ಲ, ಏಕೆಂದರೆ ಅದರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದು ದಾರಿ ತಪ್ಪಿಸಬಹುದು. ಇದನ್ನು ನಾನು ಪುಸ್ತಕದಲ್ಲೂ ಓದಿದ್ದೆ, ವಿಡಿಯೊದಲ್ಲೂ ಕೇಳಿದ್ದೆ. ಕಪಾಟು ತೆರೆದು ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ಅಣಕು ಅಭ್ಯಾಸವನ್ನು ಮೊದಲ ಸ್ಥಾನಕ್ಕೆ ಏರಿಸದಿರಲು ಒಂದೇ ಕಾರಣ, ಅದಕ್ಕೆ ಐದು ಜನ ಒಟ್ಟಿಗೆ ಬಿಡುವಾಗಿರಬೇಕು. ನಾಲ್ಕು ಶನಿವಾರಗಳಲ್ಲಿ ಎರಡು ತಪ್ಪುತ್ತವೆ.

ದಪ್ಪ ಅಮೆರಿಕನ್ ಪಠ್ಯಪುಸ್ತಕ ಸಂದೇಹ ಬಂದಾಗ ತೆರೆಯಲು ಬೇಕು, ಮೊದಲ ಪುಟದಿಂದ ಓದಲು ಅಲ್ಲ. ಹಾವು ಕಡಿತದ ಅಧ್ಯಾಯದಲ್ಲಿ ಅಲ್ಲಿಯ ಗಿಲಕಿ ಹಾವಿಗೆ ಸಿಗುವ ಜಾಗ ನಮ್ಮ ನಾಗರಹಾವಿಗೆ ಸಿಗುವುದಿಲ್ಲ.

ಪಾಡ್‌ಕಾಸ್ಟ್ ಬಸ್ಸಿಗೆ ಹೇಳಿಮಾಡಿಸಿದ್ದು. ಅಮೆರಿಕದ ವೈದ್ಯ ಸ್ಕಾಟ್ ವೈನ್‌ಗಾರ್ಟ್ 2009ರಲ್ಲಿ ಶುರುಮಾಡಿದ ಎಮ್‌ಕ್ರಿಟ್ ಕೇಳಿದಾಗಲೆಲ್ಲ ಉತ್ಸಾಹ ಬರುತ್ತದೆ, ಅವರು ಹೇಳುವ ಅರ್ಧದಷ್ಟು ಉಪಕರಣ ನಮ್ಮಲ್ಲಿಲ್ಲ ಎಂದು ನೆನಪಾದಾಗ ಇಳಿಯುತ್ತದೆ. ಇಸಿಜಿ ಕಲಿಯಲು ಆಸ್ಟ್ರೇಲಿಯದವರ ಲೈಫ್ ಇನ್ ದ ಫಾಸ್ಟ್ ಲೇನ್ ತಾಣದ ಉಚಿತ ಇಸಿಜಿ ಸಂಗ್ರಹಕ್ಕಿಂತ ಹೆಚ್ಚಿನದು ನನಗೆ ಬೇಕಾಗಿಲ್ಲ.

ಸಿಎಂಇ ಸಭೆಗಳಿಗೆ ಹೋಗಲೇಬೇಕು, ನೋಂದಣಿ ನವೀಕರಣಕ್ಕೆ ಐದು ವರ್ಷಕ್ಕೆ 30 ಗಂಟೆಗಳ ಕ್ರೆಡಿಟ್ ತೋರಿಸಬೇಕಾಗುತ್ತದೆ. ಊಟ ಚೆನ್ನಾಗಿರುತ್ತದೆ.

ಹೃದಯ ನಿಂತವರನ್ನು ಉಳಿಸುವುದನ್ನು ಕಲಿಸುವ ಎಸಿಎಲ್‌ಎಸ್ ತರಬೇತಿಯ ಪ್ರಮಾಣಪತ್ರ ಎರಡು ವರ್ಷ ಬಾಳುತ್ತದೆ. ಎದೆಯನ್ನು ನಿಮಿಷಕ್ಕೆ 100ರಿಂದ 120ರ ಲಯದಲ್ಲಿ ಒತ್ತುವ ಕೈಯ ರೂಢಿ ಅಷ್ಟು ದಿನ ಬಾಳುವುದಿಲ್ಲ. ಹೀಗಾಗಿ ಶನಿವಾರದ ಅಭ್ಯಾಸದಲ್ಲಿ ಎರಡು ನಿಮಿಷ ಗೊಂಬೆಯ ಎದೆ ಒತ್ತುವುದನ್ನು ಸೇರಿಸಿದ್ದೇವೆ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಉತ್ತರ ಎರಡೇ ನಿಮಿಷದಲ್ಲಿ ಬರುತ್ತದೆ, ಸಾಮಾನ್ಯವಾಗಿ ಒಂದಕ್ಕೊಂದು ವಿರುದ್ಧವಾದ ನಾಲ್ಕು ಉತ್ತರಗಳು ಬರುತ್ತವೆ.

ಯಾರಿಗೆ ಯಾವುದು ಎಂದು ಕೇಳಿದರೆ, ಡಿಎನ್‌ಬಿ ಅಥವಾ ಎಂಆರ್‌ಸಿಇಎಂನಂಥ ಸ್ನಾತಕೋತ್ತರ ಪರೀಕ್ಷೆಗೆ ಕೂರುವವರು ಹಣವಿದ್ದರೆ ವಿಡಿಯೊ ಆ್ಯಪನ್ನು ಕೊಳ್ಳಬಹುದು. ಅವರಿಗೆ ಇಡೀ ಪಠ್ಯ ಒಂದೇ ಕಡೆ, ಒಂದೇ ಕ್ರಮದಲ್ಲಿ ಸಿಗಬೇಕಾಗುತ್ತದೆ. ಚಂದಾ ಕಟ್ಟುವ ಮೊದಲು ವೀಕ್ಷಣೆಯ ಮಿತಿ ಎಷ್ಟೆಂದು ಬರಹದಲ್ಲಿ ಕೇಳಿ ಪಡೆಯಿರಿ, ಮುಂದಿನ ಪಾಠ ತಾನೇ ಶುರುವಾಗುವ ಆಯ್ಕೆಯನ್ನು ಮೊದಲ ದಿನವೇ ನಿಲ್ಲಿಸಿ, ಮತ್ತು ದಯವಿಟ್ಟು ಮಲಗಿಕೊಂಡು ನೋಡಬೇಡಿ. ಕುರ್ಚಿಯಲ್ಲಿ ಕೂತು ಓದುವ ಅಭ್ಯಾಸವಿದ್ದವರಿಗೆ ನನ್ನ ದೂರಿನ ಅರ್ಧ ಭಾಗ ಅನ್ವಯಿಸಲಾರದು. ನನಗೆ ಪರೀಕ್ಷೆಯಿಲ್ಲ, ಮಗಳ ಶಾಲೆಯ ಶುಲ್ಕವಿದೆ, ಓದುವುದು ಚೂರುಚೂರು ಸಮಯದಲ್ಲಿ. ಚಂದಾ ಮುಂದುವರಿಸುವಂತೆ ಈ ಯುಗಾದಿಗೆ ರಿಯಾಯಿತಿಯ ಸಂದೇಶ ಬಂದಾಗ ಅದನ್ನು ಅಳಿಸಿದೆ. ಅಟ್ರೋಪಿನ್ ಆಂಪ್ಯೂಲ್‌ಗಳ 3, 6, 12, 24ರ ಪಟ್ಟಿಯನ್ನು ಸಿಸ್ಟರ್ ದಪ್ಪ ಅಕ್ಷರದಲ್ಲಿ ಬರೆದು ತುರ್ತು ಔಷಧಿಗಳ ಟ್ರಾಲಿಯ ಮೇಲಿನ ಡ್ರಾಯರಿಗೆ ಅಂಟಿಸಿದ್ದಾರೆ.

ಈಗ ನನ್ನ ಬಳಿ 214 ಕಾರ್ಡುಗಳಿವೆ, ದಿನಕ್ಕೆ ಹನ್ನೆರಡು ನಿಮಿಷ ಸಾಕಾಗುತ್ತದೆ. ಒಂದು ಕಾರ್ಡು ಮಾತ್ರ ಇನ್ನೂ ಬಗ್ಗಿಲ್ಲ. 12 ಕಿಲೊ ತೂಕದ ಮಗುವಿನ ಹೃದಯ ನಿಂತಿದೆ. 1 ಮಿಲಿಗ್ರಾಂನ ಅಡ್ರಿನಲಿನ್ ಆಂಪ್ಯೂಲನ್ನು ಸಲೈನ್ ಸೇರಿಸಿ 10 ಮಿಲಿಲೀಟರ್ ಮಾಡಿಕೊಂಡಿದ್ದೀರಿ. ಎಷ್ಟು ಮಿಲಿಲೀಟರ್ ಕೊಡುತ್ತೀರಿ? ಉತ್ತರ 1.2. ಹಗಲಿನಲ್ಲಿ ಕೇಳಿದರೆ ಸರಿಯಾಗಿಯೇ ಹೇಳುತ್ತೇನೆ, ಬೆಳಗಿನ ಜಾವ ನಾಲ್ಕಕ್ಕೆ ಕೇಳಿದರೆ ಮಿಲಿಗ್ರಾಂ ಲೆಕ್ಕದ 0.12 ಬಾಯಿಗೆ ಬರುತ್ತದೆ. ನಾಳೆಯ ಪಟ್ಟಿಯಲ್ಲಿಯೂ ಅದು ಮೊದಲನೆಯದಾಗಿ ಕೂತಿದೆ.